ರೋಮ್‌ನಲ್ಲಿ ಹುಟ್ಟುಹಬ್ಬದ ರಾತ್ರಿಯೂಟ: ಯಾವ ರೆಸ್ಟೋರೆಂಟ್ ಹಿಡಿಯಬೇಕು, ಯಾವುದನ್ನು ಬಿಡಬೇಕು

ಮೊದಲೇ ತೀರ್ಪು ಹೇಳಿಬಿಡೋಣ. ಪ್ರವಾಸದ ನಡುವೆ ಬಂದ ಹುಟ್ಟುಹಬ್ಬವನ್ನು ರೋಮ್‌ನಲ್ಲಿ ಆಚರಿಸುವ ನಾಲ್ಕರಿಂದ ಎಂಟು ಜನರ ಗುಂಪಿಗೆ ಎಲ್ಲಕ್ಕಿಂತ ಒಳ್ಳೆಯ ಆಯ್ಕೆ ತೆಸ್ತಾಚ್ಚೊ ಅಥವಾ ಪ್ರಾತಿ ಬಡಾವಣೆಯ ಮಧ್ಯಮ ದರದ ಒಂದು ತ್ರತ್ತೋರಿಯಾ, ಅಂದರೆ ಮನೆಯವರೇ ನಡೆಸುವ ಊಟದ ಜಾಗ. ರಾತ್ರಿ ಒಂಬತ್ತರ ನಂತರದ ಟೇಬಲ್, ಕೇಕ್ ಹತ್ತಿರದ ಪಸ್ತಿಚೇರಿಯಾದಿಂದ, ಅಂದರೆ ಕೇಕ್-ಸಿಹಿತಿಂಡಿ ಅಂಗಡಿಯಿಂದ. ಅಲ್ಲಿ ಕಾರಂಜಿಯ ನೋಟ ಸಿಗುವುದಿಲ್ಲ, ಪಕ್ಕದಲ್ಲಿ ನಿಂತು ಅಕಾರ್ಡಿಯನ್ ನುಡಿಸುವವರೂ ಇರುವುದಿಲ್ಲ. ಆದರೆ ಪಾಸ್ತಾ ಬಾಣಲೆಯಿಂದ ನೇರ ತಟ್ಟೆಗೆ ಬರುತ್ತದೆ, ಊಟ ಮುಗಿದ ಮೇಲೂ ಕೂತು ಮಾತಾಡಬಹುದು, ಬಿಲ್ ನೋಡಿ ಗಾಬರಿಯಾಗುವ ಪ್ರಮೇಯ ಬರುವುದಿಲ್ಲ. ಹುಟ್ಟುಹಬ್ಬದ ಊಟ ಕೆಡುವುದು ಹೆಚ್ಚಾಗಿ ಅಡುಗೆಯಿಂದಲ್ಲ, ಅವಸರದಿಂದ. ಹಾಗಾಗಿ ಒಂದು ಜಾಗ ಎಷ್ಟು ಹೆಸರುವಾಸಿ ಎಂದು ಕೇಳುವ ಮೊದಲು, ಅವರು ನಿಮಗೆ ಟೇಬಲನ್ನು ಎಷ್ಟು ಹೊತ್ತು ಬಿಟ್ಟುಕೊಡುತ್ತಾರೆ ಎಂದು ಕೇಳಿ.

ಬೋರ್ಡಿನ ಮೇಲಿನ ಹೆಸರು ಸ್ವಲ್ಪ ಮಟ್ಟಿಗೆ ದಾರಿ ತೋರಿಸುತ್ತದೆ. ರಿಸ್ತೊರಾಂತೆ ಎಂದರೆ ಶಿಸ್ತಿನ ಬಡಿಸಾಟ, ಉದ್ದನೆಯ ವೈನ್ ಪಟ್ಟಿ, ಹೆಚ್ಚಿನ ದರ. ತ್ರತ್ತೋರಿಯಾ ಮನೆಯವರೇ ನಡೆಸುವಂಥದ್ದು, ಆಯಾ ಊರಿನ ಅಡುಗೆ. ಒಸ್ತೇರಿಯಾ ಹಿಂದೆ ವೈನ್ ಕುಡಿಯುವ ಜಾಗವಾಗಿತ್ತು. ಈಗ ಸಣ್ಣ ತ್ರತ್ತೋರಿಯಾಗಳೂ ದುಬಾರಿ ರೆಸ್ಟೋರೆಂಟ್‌ಗಳೂ ಅದೇ ಹೆಸರು ಇಟ್ಟುಕೊಂಡಿವೆ, ಆ ಪದವನ್ನು ನಂಬಿ ಹೋಗಬೇಡಿ. ಪಿಜ್ಜೇರಿಯಾ ಮಕ್ಕಳಿರುವ ಗುಂಪಿಗೆ ಒಗ್ಗುತ್ತದೆ. ರೋಮ್‌ನ ಪಿಜ್ಜಾ ಹಪ್ಪಳದಂತೆ ತೆಳು, ಅಂಚು ಗರಿಗರಿ. ನೇಪಲ್ಸ್‌ನ ಉಬ್ಬಿದ ಅಂಚಿನ ಮೆತ್ತನೆಯ ಪಿಜ್ಜಾ ಬೇಕೆಂದವರು ಕೇಳಿಕೊಂಡೇ ಹೋಗಬೇಕು.

ಪಿಯಾತ್ಸಾ ನವೋನಾ, ತ್ರೇವಿ ಕಾರಂಜಿ, ಕೊಲೊಸಿಯಂ ಸುತ್ತಮುತ್ತಲ ಚೌಕದ ರೆಸ್ಟೋರೆಂಟ್‌ಗಳ ಬಗ್ಗೆ ನಮ್ಮ ಅಭಿಪ್ರಾಯ ಖಡಾಖಂಡಿತ: ಕಾಫಿಗೆ ಕೂರಿ, ಹುಟ್ಟುಹಬ್ಬದ ಊಟಕ್ಕೆ ಬೇಡ. ದೂರವಿಡಬೇಕಾದ ಜಾಗವನ್ನು ಗುರುತಿಸುವುದು ಕಷ್ಟವಲ್ಲ. ಬಾಗಿಲಲ್ಲಿ ನಿಂತು ದಾರಿಹೋಕರನ್ನು ಕರೆಯುವ ಆಳು, ಆರು ಭಾಷೆಯಲ್ಲಿ ಫೋಟೋ ಸಹಿತ ಮೆನು, ಒಂದೇ ಅಡುಗೆಮನೆಯಲ್ಲಿ ಪಿಜ್ಜಾ, ಲಸಾನ್ಯಾ, ಮೀನು, ಬರ್ಗರ್ ಎಲ್ಲವೂ. ಇನ್ನೊಂದು ಗುರುತು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ: ಮಧ್ಯಾಹ್ನದಿಂದ ಮಧ್ಯರಾತ್ರಿವರೆಗೆ ಬಿಡುವಿಲ್ಲದೆ ತೆರೆದಿರುವುದು. ರೋಮ್‌ನ ಸಾಂಪ್ರದಾಯಿಕ ಅಡುಗೆಮನೆ ಮಧ್ಯಾಹ್ನ ಮೂರರ ಹೊತ್ತಿಗೆ ಮುಚ್ಚಿ ಸಂಜೆ ಏಳೂವರೆಗೆ ಮತ್ತೆ ತೆರೆಯುತ್ತದೆ. ನಾಲ್ಕು ಗಂಟೆಗೂ ಕಾರ್ಬೊನಾರಾ ಸಿಗುತ್ತದೆ ಎಂದರೆ ಪಾಸ್ತಾ ಅರೆಬೆಂದು ಕಾದಿರುವ ಸಾಧ್ಯತೆ ಹೆಚ್ಚು. ಮೆನುವಿನಲ್ಲಿ ಕಾರ್ಬೊನಾರಾದ ಎದುರು ಕ್ರೀಮ್ ಎಂದು ಬರೆದಿದ್ದರೆ ಮುಂದೆ ಓದುವ ಅಗತ್ಯವಿಲ್ಲ. ಅದು ಮೊಟ್ಟೆಯ ಹಳದಿ, ಪೆಕೊರೀನೊ ರೊಮಾನೊ ಚೀಸ್, ಹಂದಿಯ ಗಲ್ಲದ ಮಾಂಸವಾದ ಗ್ವಾಂಚಾಲೆ ಮತ್ತು ಕಾಳುಮೆಣಸಿನ ತಿಂಡಿ.

ಇದಕ್ಕೆ ಅಪವಾದವೂ ಉಂಟು. ಪ್ಯಾಂಥಿಯನ್‌ಗೆ ಕೆಲವೇ ಹೆಜ್ಜೆ ದೂರದಲ್ಲಿರುವ ಅರ್ಮಾಂದೊ ಅಲ್ ಪ್ಯಾಂಥಿಯೊನ್ 1961ರಿಂದ ಒಂದೇ ಕುಟುಂಬದ ಕೈಯಲ್ಲಿದೆ, ರೋಮನ್ ಅಡುಗೆಯನ್ನು ಗಂಭೀರವಾಗಿ ಮಾಡುತ್ತದೆ. ಆದರೆ ಜಾಗ ಚಿಕ್ಕದು. ಇಬ್ಬರು ಮೂವರಿಗಾದರೆ ವಾರಗಟ್ಟಲೆ ಮುಂಚೆ ಪ್ರಯತ್ನಿಸಬಹುದು, ಎಂಟು ಜನಕ್ಕೆ ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ತೆಸ್ತಾಚ್ಚೊದ ಫೆಲೀಚೆ 1936ರದು. ಅಲ್ಲಿ ಕಾಚೊ ಎ ಪೇಪೆ ಪಾಸ್ತಾವನ್ನು ವೇಟರ್ ನಿಮ್ಮ ಎದುರೇ ಕಲಸಿಕೊಡುತ್ತಾನೆ. ಹುಟ್ಟುಹಬ್ಬದವರ ಮುಂದೆ ಆ ಕಲಸುವಿಕೆ ನಡೆದರೆ ಅದೇ ಒಂದು ಸಂಭ್ರಮ. ಅದೇ ಬಡಾವಣೆಯ ಕೆಕ್ಕೀನೊ, ಹೆಸರಿನಲ್ಲೇ ಇರುವಂತೆ 1887ರ ಜಾಗ, ಹಳೆಯ ಕಸಾಯಿಖಾನೆಯ ಎದುರಿಗಿದೆ. ಎತ್ತಿನ ಬಾಲದ ಸಾರು, ಕರುಳು, ಯಕೃತ್ತಿನ ಅಡುಗೆಗಳು ಅಲ್ಲಿನ ಕೆಲಸಗಾರರ ಊಟವಾಗಿ ಹುಟ್ಟಿದ್ದರಿಂದ ಈ ಬಡಾವಣೆಯ ಮೆನುಗಳಲ್ಲಿ ಅವು ಇಂದಿಗೂ ಮುಂದೆ ನಿಲ್ಲುತ್ತವೆ; ಮಾಂಸ ಇಷ್ಟಪಡುವವರ ಹುಟ್ಟುಹಬ್ಬಕ್ಕೆ ಇದಕ್ಕಿಂತ ರೋಮನ್ ಆದ ಊಟ ಬೇರೆ ಇಲ್ಲ. ಪಕ್ಕದಲ್ಲೇ ಪ್ರಾಚೀನ ರೋಮನ್ನರು ಎಣ್ಣೆಯ ಮಡಕೆಗಳನ್ನು ಒಡೆದು ಹಾಕಿದ ಚೂರುಗಳಿಂದಲೇ ಎದ್ದು ನಿಂತ ಗುಡ್ಡವಿದೆ. ಫ್ಲಾವಿಯೊ ಅಲ್ ವೆಲಾವೆವೊದೆತ್ತೊ ಎಂಬ ರೆಸ್ಟೋರೆಂಟ್ ಆ ಗುಡ್ಡಕ್ಕೇ ಒರಗಿಕೊಂಡಿದ್ದು, ಗಾಜಿನ ಹಿಂದೆ ಮಡಕೆ ಚೂರುಗಳ ಪದರ ಕಾಣುತ್ತದೆ. ಮಕ್ಕಳಿದ್ದರೆ ಪಿಯಾತ್ಸಾ ಸಾಂತಾ ಮರಿಯಾ ಲಿಬೆರಾತ್ರಿಚೆಯ ದಾ ರೇಮೊ ಪಿಜ್ಜೇರಿಯಾ ಖುಷಿ ಕೊಡುತ್ತದೆ, ಗದ್ದಲ ಮತ್ತು ಸಾಲಿಗೆ ತಯಾರಿರಬೇಕು ಅಷ್ಟೇ. ದೊಡ್ಡ ಮೊತ್ತ ಖರ್ಚು ಮಾಡುವ ಹುಟ್ಟುಹಬ್ಬವಾದರೆ ಮೋಂತೆ ಮಾರಿಯೊ ಗುಡ್ಡದ ಮೇಲಿನ, ಮೂರು ಮಿಶೆಲಿನ್ ತಾರೆಗಳ ಲಾ ಪೆರ್ಗೊಲಾ ಇದೆ. ಅದು ತಿಂಗಳುಗಳ ಮುಂಚಿನ ಬುಕಿಂಗ್ ಬೇಡುವ, ಇಬ್ಬರಿಗೆ ಹೇಳಿಮಾಡಿಸಿದ ಜಾಗ. ಅಜ್ಜಿ, ಮಕ್ಕಳು ಸಮೇತ ಹೋಗಿ ಹಾಡು ಹೇಳುವ ಗುಂಪಿಗೆ ಸರಿಹೊಂದುವುದಿಲ್ಲ.

ಇನ್ನು ಬುಕಿಂಗ್ ಕರೆ. ನಮ್ಮ ಮಟ್ಟಿಗೆ ರೆಸ್ಟೋರೆಂಟಿನ ನಿಜವಾದ ಪರೀಕ್ಷೆ ಇದೇ. ಹೊರದೇಶದ ಫೋನಿನಿಂದ ಕರೆ ಮಾಡುವವರು ಮಾಡುವ ತಪ್ಪು ಒಂದೇ: ಸೊನ್ನೆ ಬಿಡುವುದು. ಇಟಲಿಯ ಸ್ಥಿರ ದೂರವಾಣಿ ಸಂಖ್ಯೆಗಳಿಗೆ ದೇಶದ ಕೋಡ್ ಹಾಕಿದ ಮೇಲೂ ಮೊದಲ ಸೊನ್ನೆ ಇರಲೇಬೇಕು. ರೋಮ್‌ನ ಸಂಖ್ಯೆ +39 06 ಎಂದು ಶುರುವಾಗುತ್ತದೆ. +39 6 ಎಂದು ಒತ್ತಿದರೆ ಕರೆ ಹೋಗುವುದಿಲ್ಲ. ಮೊಬೈಲ್ ಸಂಖ್ಯೆ 3ರಿಂದ ಶುರುವಾಗುತ್ತದೆ, ಅದಕ್ಕೆ ಸೊನ್ನೆ ಬೇಡ. ಮೊಬೈಲ್ ಸಂಖ್ಯೆ ಕೊಟ್ಟಿರುವ ಕಡೆ ವಾಟ್ಸಾಪ್‌ನಲ್ಲೇ ಬರೆಯಿರಿ, ಲಿಖಿತ ಉತ್ತರ ಕೈಯಲ್ಲಿ ಇರುತ್ತದೆ. ಕರೆ ಮಾಡುವ ಹೊತ್ತು ಬೆಳಿಗ್ಗೆ ಹನ್ನೊಂದೂವರೆಯ ಸುಮಾರು ಅಥವಾ ಸಂಜೆ ಏಳರ ಆಸುಪಾಸು. ರಾತ್ರಿ ಒಂಬತ್ತಕ್ಕೆ ಕರೆದರೆ ಎತ್ತಿದವರಿಗೆ ಮಾತಾಡುವ ಪುರುಸೊತ್ತು ಇರುವುದಿಲ್ಲ. ಇಟಾಲಿಯನ್‌ನಲ್ಲಿ ಒಂದೇ ವಾಕ್ಯ ಸಾಕು: "ವೊರ್ರೇಯಿ ಪ್ರೆನೊತಾರೆ ಉನ್ ತಾವೊಲೊ ಪೆರ್ ಸೇಯಿ, ಪೆರ್ ಉನ್ ಕೊಂಪ್ಲೆಆನ್ನೊ." ಆರು ಜನಕ್ಕೆ ಟೇಬಲ್ ಬೇಕು, ಹುಟ್ಟುಹಬ್ಬಕ್ಕೆ ಎಂದಷ್ಟೇ. ಮುಂದಿನದು ಇಂಗ್ಲಿಷಿನಲ್ಲಿ ಸಾಗುತ್ತದೆ.

ಆಗ ಕೇಳಬೇಕಾದ ಮೊದಲ ಪ್ರಶ್ನೆ ದೊಪ್ಪಿಯೊ ತುರ್ನೊ ಇದೆಯೇ ಎಂಬುದು. ಅಂದರೆ ಒಂದೇ ಟೇಬಲನ್ನು ಒಂದು ರಾತ್ರಿಗೆ ಎರಡು ಗುಂಪಿಗೆ ಕೊಡುವ ಪದ್ಧತಿ: ಏಳೂವರೆಗೆ ಒಂದು, ಒಂಬತ್ತೂವರೆಗೆ ಇನ್ನೊಂದು. ಮೊದಲನೆಯದನ್ನು ಹಿಡಿದರೆ ಕೇಕ್ ಹೊರಬರುವ ಹೊತ್ತಿಗೆ ಮುಂದಿನವರು ಬಾಗಿಲಲ್ಲಿ ನಿಂತಿರುತ್ತಾರೆ. ಎರಡನೆಯದಕ್ಕೆ ಆ ತೊಂದರೆ ಇಲ್ಲ. ಮಕ್ಕಳಿಗೆ ಅಷ್ಟು ತಡವಾಗುತ್ತದೆ ಎನ್ನುವವರು ತುರ್ನೊ ಇಲ್ಲದ ಜಾಗ ಹುಡುಕಬೇಕು, ಇಲ್ಲವೇ ಮಧ್ಯಾಹ್ನದ ಊಟಕ್ಕೇ ಹುಟ್ಟುಹಬ್ಬ ಇಟ್ಟುಕೊಳ್ಳಬೇಕು. ರೋಮ್‌ನಲ್ಲಿ ಭಾನುವಾರ ಮಧ್ಯಾಹ್ನ ಮೂರು ತಲೆಮಾರು ಒಟ್ಟಿಗೆ ಕೂತು ಉಣ್ಣುವುದು ರೂಢಿಯೇ, ಅಲ್ಲಿ ನಿಮ್ಮ ಗುಂಪೂ ಬೆರೆತುಹೋಗುತ್ತದೆ. ಎರಡನೆಯ ಪ್ರಶ್ನೆ, ಹೊರಗಿನಿಂದ ಕೇಕ್ ತರಬಹುದೇ, ಅದಕ್ಕೆ ತಲೆಗೆ ಎಷ್ಟು. ಮೂರನೆಯದು, ಟೇಬಲ್ ಒಳಗೋ ಹೊರಗೋ. ರಸ್ತೆ ಬದಿಯ ಹೊರ ಟೇಬಲ್‌ನಲ್ಲಿ ಮೇಣದಬತ್ತಿ ಗಾಳಿಗೆ ನಿಲ್ಲುವುದಿಲ್ಲ, ಮೇಲಾಗಿ ಅಲ್ಲಿ ಸಿಗರೇಟು ಸೇದುವವರು ಕೂರುತ್ತಾರೆ. ಈ ಮೂರಕ್ಕೂ ನೇರವಾಗಿ, ಬೇಸರವಿಲ್ಲದೆ ಉತ್ತರ ಕೊಟ್ಟ ಜಾಗವನ್ನು ಕಣ್ಣುಮುಚ್ಚಿ ಹಿಡಿಯಬಹುದು. "ಬನ್ನಿ, ನೋಡೋಣ" ಎಂದವರನ್ನು ಬಿಟ್ಟು ಮುಂದಿನ ಸಂಖ್ಯೆಗೆ ಹೋಗಿ.

ಊಟದ ಕ್ರಮದಲ್ಲಿ ಆಂತಿಪಾಸ್ತೊ ಮೊದಲು, ಆಮೇಲೆ ಪಾಸ್ತಾದ ಪ್ರೀಮೊ, ಮಾಂಸ ಅಥವಾ ಮೀನಿನ ಸೆಕೊಂದೊ, ಜೊತೆಗೆ ತರಕಾರಿಯ ಕೊಂತೊರ್ನೊ, ಕೊನೆಗೆ ದೋಲ್ಚೆ. ಎಲ್ಲರೂ ಎಲ್ಲವನ್ನೂ ತರಿಸಬೇಕೆಂದಿಲ್ಲ. ಆರು ಜನರಿಗೆ ಮಧ್ಯದಲ್ಲಿ ಹಂಚಿಕೊಳ್ಳಲು ಎರಡು ಆಂತಿಪಾಸ್ತೊ, ತಲೆಗೊಂದು ಪ್ರೀಮೊ, ಎರಡು ಅಥವಾ ಮೂರು ಸೆಕೊಂದೊ, ಎರಡು ಕೊಂತೊರ್ನೊ ಹೊಟ್ಟೆ ತುಂಬ ಆಗುತ್ತದೆ. ಸೆಕೊಂದೊ ಒಂಟಿಯಾಗಿ ಬರುತ್ತದೆ, ತಟ್ಟೆಯಲ್ಲಿ ಮಾಂಸ ಬಿಟ್ಟರೆ ಬೇರೇನೂ ಇರುವುದಿಲ್ಲ; ಪಲ್ಯ ಬೇಕಾದರೆ ಕೊಂತೊರ್ನೊ ಬೇರೆಯಾಗಿಯೇ ಹೇಳಬೇಕು.

ಗುಂಪು ದೊಡ್ಡದಾದಷ್ಟೂ ಪ್ರೀಮೊಗಳನ್ನು ಕಡಿಮೆ ಬಗೆಗೆ ಇಳಿಸಿ. ಎಂಟು ಜನ ಎಂಟು ಬಗೆ ಕೇಳಿದರೆ ಮೊದಲ ತಟ್ಟೆ ಆರುವ ತನಕ ಕೊನೆಯದು ಬರುವುದಿಲ್ಲ. ಮೂರು ಬಗೆ ಸರಿಯಾದ ಸಂಖ್ಯೆ. ಹಾಗೆಂದು ಎಂಟೂ ಜನ ಕಾಚೊ ಎ ಪೇಪೆ ಹೇಳುವುದೂ ತಪ್ಪು, ಅದರ ಕಾರಣ ತಿಳಿದುಕೊಳ್ಳುವಂಥದ್ದು. ಅದರಲ್ಲಿ ಇರುವುದು ಪಾಸ್ತಾ, ಪೆಕೊರೀನೊ, ಕಾಳುಮೆಣಸು, ಪಾಸ್ತಾ ಬೇಯಿಸಿದ ನೀರು ಮಾತ್ರ. ಬಾಣಲೆ ಹೆಚ್ಚು ಬಿಸಿಯಾದರೆ, ಸುಮಾರು 65 ಡಿಗ್ರಿ ದಾಟಿದ ಕೂಡಲೇ, ಚೀಸಿನ ಪ್ರೋಟೀನು ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತದೆ. ಅದನ್ನು ತಡೆಯುವುದು ಪಾಸ್ತಾ ನೀರಿನಲ್ಲಿರುವ ಪಿಷ್ಟ. ಇಟಾಲಿಯನ್ ಭೌತವಿಜ್ಞಾನಿಗಳ ತಂಡವೊಂದು 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಚೀಸಿನ ತೂಕದ ಶೇ. 2ರಿಂದ 3ರಷ್ಟು ಪಿಷ್ಟ ಇದ್ದರೆ ಸಾಸ್ ನಯವಾಗಿ ನಿಲ್ಲುತ್ತದೆ, ಶೇ. 1ಕ್ಕಿಂತ ಇಳಿದರೆ ಒಡೆಯುತ್ತದೆ. ಎರಡು ಮೂರು ತಟ್ಟೆಗಾಗುವಷ್ಟನ್ನು ಒಂದು ಬಾಣಲೆಯಲ್ಲಿ ಹದಕ್ಕೆ ತರುವುದು ಸುಲಭ. ಎಂಟು ತಟ್ಟೆಯನ್ನು ಒಟ್ಟಿಗೆ ಕಲಸಿದರೆ ಕೆಳಗಿನದು ಗಂಟು, ಮೇಲಿನದು ನೀರು. ತಟ್ಟೆ ಮುಂದೆ ಬಂದಾಗ ಸಾಸ್ ಪಾಸ್ತಾಗೆ ಕೆನೆಯಂತೆ ಹತ್ತಿಕೊಂಡು, ಫೋರ್ಕ್ ಎತ್ತಿದಾಗ ತಳದಲ್ಲಿ ತೆಳ್ಳಗೆ ಜಾರುತ್ತಿರಬೇಕು. ತಣ್ಣಗಾದಂತೆ ಬಿಗಿದುಕೊಳ್ಳುತ್ತದೆ, ಆದ್ದರಿಂದ ಗುಂಪಿನ ಫೋಟೋ ಆಮೇಲೆ ತೆಗೆಯಿರಿ. ದೊಡ್ಡ ಗುಂಪಿಗೆ ಅಮಾತ್ರಿಚಾನಾ ನೆಚ್ಚಬಹುದಾದ ಪ್ರೀಮೊ. ಟೊಮೆಟೊ ಸಾಸ್ ಬಿಸಿಗೆ ಒಡೆಯುವುದಿಲ್ಲ, ಎಂಟು ತಟ್ಟೆಯಾದರೂ ಒಂದೇ ರುಚಿ. ಹುಟ್ಟುಹಬ್ಬ ಗುರುವಾರ ಬಿದ್ದರೆ ಆಲೂಗಡ್ಡೆಯ ನ್ಯೊಕ್ಕಿ ಕೇಳಿ. ಗುರುವಾರ ನ್ಯೊಕ್ಕಿ, ಶುಕ್ರವಾರ ಮೀನು, ಶನಿವಾರ ತ್ರಿಪ್ಪಾ (ದನದ ಹೊಟ್ಟೆಯ ಮಾಂಸ) ಎಂಬ ರೂಢಿಯನ್ನು ರೋಮ್‌ನ ಹಳೆಯ ತ್ರತ್ತೋರಿಯಾಗಳು ಇನ್ನೂ ಪಾಲಿಸುತ್ತವೆ.

ಸಸ್ಯಾಹಾರಿಗಳಿರುವ ಗುಂಪು ಇಲ್ಲಿ ಜಾಗರೂಕವಾಗಿರಬೇಕು, ಏಕೆಂದರೆ ಮಾಂಸ ಕಾಣದ ಕಡೆಯೂ ಅಡಗಿರುತ್ತದೆ. ಕರಿದ ಕುಂಬಳದ ಹೂವಿನ ಒಳಗೆ ಮೊಜ್ಜರೆಲ್ಲಾ ಜೊತೆ ಆಂಚೊವಿ ಮೀನು ಇಟ್ಟಿರುತ್ತಾರೆ. ಪುಂತಾರೆಲ್ಲೆ ಎಂಬ ಸೊಪ್ಪಿನ ಸಲಾಡಿಗೂ ಅದೇ ಮೀನಿನ ಒಗ್ಗರಣೆ. ಸುಪ್ಲಿ ಎಂಬ ಅನ್ನದ ಉಂಡೆಯಲ್ಲಿ ಹಲವು ಕಡೆ ಮಾಂಸದ ಸಾಸ್ ಇರುತ್ತದೆ. ತರಕಾರಿ ಸೂಪ್ ಮಾಂಸದ ಸಾರಿನಲ್ಲಿ ಬೆಂದಿರಬಹುದು. ಪನ್ನಾ ಕೊತ್ತಾ ಎಂಬ ಕೆನೆಯ ಸಿಹಿ ಗಟ್ಟಿಯಾಗುವುದೇ ಪ್ರಾಣಿಗಳಿಂದ ತೆಗೆದ ಜೆಲಾಟಿನ್‌ನಿಂದ. ಚೀಸಿನ ವಿಷಯದಲ್ಲೂ ಕಟ್ಟುನಿಟ್ಟಾಗಿರುವವರಿಗೆ ಹೇಳಬೇಕಾದ್ದಿದೆ: ಪೆಕೊರೀನೊ ರೊಮಾನೊ ಕುರಿಮರಿಯ ಹೊಟ್ಟೆಯಿಂದ ತೆಗೆದ, ಹಾಲನ್ನು ಗಟ್ಟಿ ಮಾಡುವ ರೆನೆಟ್‌ನಿಂದ, ಪಾರ್ಮಿಜಾನೊ ಕರುವಿನ ರೆನೆಟ್‌ನಿಂದ ತಯಾರಾಗುತ್ತದೆ. ಇವನ್ನು ಬಿಡುವವರಿಗೆ ಅಲ್ಯೊ ಎ ಓಲಿಯೊ ಎಂಬ ಬೆಳ್ಳುಳ್ಳಿ-ಎಣ್ಣೆಯ ಪಾಸ್ತಾ, ಚೀಸ್ ಉದುರಿಸದ ಟೊಮೆಟೊ ಸ್ಪಗೆಟ್ಟಿ, ಚೀಸೇ ಇಲ್ಲದ ಮರಿನಾರಾ ಪಿಜ್ಜಾ, ಬೆಳ್ಳುಳ್ಳಿ ಎಣ್ಣೆಯಲ್ಲಿ ಬಾಡಿಸಿದ ಚಿಕೋರಿಯಾ ಸೊಪ್ಪು ಉಳಿಯುತ್ತವೆ. ಚಳಿಗಾಲದಿಂದ ವಸಂತದವರೆಗೆ ಯೆಹೂದಿ ಶೈಲಿಯ ಕಾರ್ಚೋಫಿ ಸಿಗುತ್ತದೆ, ಪೂರ್ತಿ ಪಲ್ಲೆಹೂವನ್ನು ಎಣ್ಣೆಯಲ್ಲಿ ಎರಡು ಸಲ ಕರಿದು ಹೂವಿನಂತೆ ಅರಳಿಸಿದ್ದು, ಎಸಳು ಚಿಪ್ಸ್‌ನಷ್ಟು ಗರಿಗರಿ, ತಿರುಳು ಮೆತ್ತಗೆ. ಯೆಹೂದಿಗಳ ಹಳೆಯ ಗೆತ್ತೊ ಬಡಾವಣೆಯಲ್ಲಿ ಇದು ಚೆನ್ನ. ಮೊಟ್ಟೆ ಬೇಡದವರು ಪಾಸ್ತಾ ಫ್ರೆಸ್ಕಾ (ತಾಜಾ ಪಾಸ್ತಾ) ಎಂದು ಬರೆದದ್ದನ್ನು ಮೊಟ್ಟೆ ಇದೆಯೇ ಎಂದು ಕೇಳಿಯೇ ತರಿಸಬೇಕು; ಒಣ ಪಾಸ್ತಾ ಸಾಮಾನ್ಯವಾಗಿ ಗೋಧಿ ರವೆ ಮತ್ತು ನೀರು ಮಾತ್ರ. ಅಲರ್ಜಿ ಇದ್ದವರಿಗೆ ಯುರೋಪಿಯನ್ ಒಕ್ಕೂಟದ ನಿಯಮದಂತೆ 14 ಅಲರ್ಜಿಕಾರಕಗಳ ಮಾಹಿತಿಯನ್ನು ರೆಸ್ಟೋರೆಂಟ್ ಕೊಡಲೇಬೇಕು, ಕೇಳಲು ಸಂಕೋಚ ಬೇಡ.

ಕೇಕ್ ವಿಷಯದಲ್ಲಿ ಸ್ಪಷ್ಟವಾಗಿ ಹೇಳುತ್ತೇವೆ: ರೆಸ್ಟೋರೆಂಟಿನದೇ ಸಿಹಿಯ ಮೇಲೆ ಒಂದು ಮೇಣದಬತ್ತಿ ಇಬ್ಬರಿಗೆ ಸಾಕು, ಗುಂಪಿಗೆ ಪಸ್ತಿಚೇರಿಯಾದ ಕೇಕ್ ಬೇಕು. ತಲೆಗೆ 120ರಿಂದ 150 ಗ್ರಾಂ ಲೆಕ್ಕ ಹಿಡಿಯಿರಿ. ಎಂಟು ಜನಕ್ಕೆ ಒಂದು ಕಿಲೋ. ಎರಡು ದಿನ ಮುಂಚೆ ಹೇಳಿ, ಹೆಸರು ಬರೆಸಬೇಕಿದ್ದರೆ ಕಾಗದದಲ್ಲಿ ಅಕ್ಷರ ಅಕ್ಷರವಾಗಿ ಬರೆದುಕೊಡಿ. ಇಟಲಿಯಲ್ಲಿ ಹುಟ್ಟುಹಬ್ಬಕ್ಕೆ ಜನಪ್ರಿಯವಾದದ್ದು ಮಿಲ್ಲೆಫೋಲ್ಯೆ, ಪದರ ಪದರ ಪಫ್ ನಡುವೆ ಕಸ್ಟರ್ಡ್. ಅದರ ಜೀವ ಕೆಲವೇ ಗಂಟೆ. ಕೆನೆಯ ತೇವ ಪದರಕ್ಕೆ ಇಳಿದರೆ ಗರಿಗರಿ ಹೋಗಿ ತೊಪ್ಪೆಯಾಗುತ್ತದೆ, ಆದ್ದರಿಂದ ಬೆಳಿಗ್ಗೆ ತಂದು ಹೋಟೆಲ್ ಕೋಣೆಯಲ್ಲಿ ಇಟ್ಟುಕೊಳ್ಳುವ ಯೋಚನೆ ಬೇಡ. ಅಂಗಡಿ ಮುಚ್ಚುವ ಮುನ್ನ ಸಂಜೆ ತೆಗೆದುಕೊಂಡು ನೇರ ರೆಸ್ಟೋರೆಂಟಿನ ಫ್ರಿಜ್‌ಗೆ ಒಪ್ಪಿಸಿ. ಅಷ್ಟು ಓಡಾಟ ಆಗದಿದ್ದರೆ ಹಣ್ಣಿನ ಕ್ರೊಸ್ತಾತಾ (ಟಾರ್ಟ್) ಆರಿಸಿ, ಅದು ಹೆಚ್ಚು ಹೊತ್ತು ತಾಳುತ್ತದೆ. ಅಂಗಡಿಯ ರಸೀದಿ ಜೋಪಾನ: ಹೊರಗಿನ ತಿನಿಸು ಎಲ್ಲಿಂದ ಬಂತು ಎಂಬ ದಾಖಲೆ ಬೇಕೆಂದು ಹಲವು ರೆಸ್ಟೋರೆಂಟ್‌ಗಳು ಅದನ್ನು ಕೇಳುತ್ತವೆ, ಮನೆಯಲ್ಲಿ ಮಾಡಿದ ಕೇಕನ್ನು ಇದೇ ಕಾರಣಕ್ಕೆ ಒಪ್ಪುವುದಿಲ್ಲ. ಕತ್ತರಿಸಿ ಬಡಿಸಲು ತಲೆಗೆ ಒಂದೆರಡು ಯೂರೋ ಹಾಕುವುದು ಮಾಮೂಲು. ಮೇಣದಬತ್ತಿ ನೀವೇ ಒಯ್ಯಿರಿ. ತಿರಮಿಸು ತರಿಸುವುದಾದರೆ ಗರ್ಭಿಣಿಯರಿಗೆ ತಿಳಿಸಿ, ಸಾಂಪ್ರದಾಯಿಕ ಪಾಕದಲ್ಲಿ ಹಸಿ ಮೊಟ್ಟೆ ಇರುತ್ತದೆ. ಇನ್ನೊಂದು ಮಾತು: ಹುಟ್ಟುಹಬ್ಬದ ಮುಂಚೆಯೇ ಶುಭಾಶಯ ಹೇಳುವುದನ್ನು ಇಟಲಿಯಲ್ಲಿ ಅಪಶಕುನ ಎಂದು ಎಣಿಸುತ್ತಾರೆ. ಹಿಂದಿನ ರಾತ್ರಿ ಊಟ ಇಟ್ಟುಕೊಂಡರೆ ವೇಟರ್ ಹಾಡಲು ಹಿಂಜರಿದಾರು.

ಬಿಲ್‌ನಲ್ಲಿ ನೋಡಬೇಕಾದ್ದು ನಾಲ್ಕೈದೇ ಸಾಲು. ಇಟಲಿಯ ಬೇರೆಡೆ ತಲೆಗೆ ಒಂದೂವರೆ ಎರಡು ಯೂರೋ ಕೊಪೆರ್ತೊ, ಅಂದರೆ ಟೇಬಲ್‌ಗೆ ಕೂತದ್ದಕ್ಕೆ ಶುಲ್ಕ, ಹಾಕುತ್ತಾರೆ. ರೋಮ್ ಇರುವ ಲಾಜಿಯೊ ಪ್ರದೇಶ 2006ರ ಕಾನೂನಿನಲ್ಲಿ ಅದನ್ನು ನಿಷೇಧಿಸಿತು. ಅದರ ಬದಲು ಪಾನೆ ಎಂದು ಬ್ರೆಡ್ಡಿನ ಹಣ ಬರುತ್ತದೆ, ಬ್ರೆಡ್ ಬೇಡದವರು ಬುಟ್ಟಿ ಇಟ್ಟಾಗಲೇ ವಾಪಸು ಕಳಿಸಬಹುದು. ಸೆರ್ವಿತ್ಸಿಯೊ (ಸೇವಾ ಶುಲ್ಕ) ಎಂದು ಶೇ. 10ರಿಂದ 15 ಸೇರಿಸುವವರು ಅದನ್ನು ಮೆನುವಿನಲ್ಲಿ ಬರೆದಿರಬೇಕು, ಅದಿದ್ದರೆ ಟಿಪ್ಸ್ ಕೊಡುವ ಮಾತೇ ಇಲ್ಲ. ಇಲ್ಲದಿದ್ದರೂ ಶೇಕಡಾವಾರು ಲೆಕ್ಕ ಯಾರೂ ನಿರೀಕ್ಷಿಸುವುದಿಲ್ಲ, ಚಿಲ್ಲರೆ ಬಿಟ್ಟು ಬಂದರೆ ಸಾಕು; ಕೇಕ್ ಜೊತೆ ಹಾಡು ಹೇಳಿ ಸಂಭ್ರಮಿಸಿದವರಿಗೆ ಹತ್ತು ಯೂರೋ ಇಟ್ಟರೆ ಅದು ಸಂದ ಮರ್ಯಾದೆ. ಅತಿ ಹೆಚ್ಚು ಜಗಳ ಆಗುವುದು ಮೀನಿನ ಸಾಲಿನಲ್ಲಿ. ಇಡೀ ಮೀನಿನ ಎದುರು 7 ಯೂರೋ ಎಂದಿದ್ದರೆ ಪಕ್ಕದಲ್ಲಿ ಎತ್ತೊ ಎಂಬ ಪದ ಇದೆಯೇ ನೋಡಿ, ಅಂದರೆ 100 ಗ್ರಾಂಗೆ. ಒಂದು ಕಿಲೋ ಇನ್ನೂರು ಗ್ರಾಂ ಮೀನಿಗೆ 84 ಯೂರೋ. ಮೀನು ಬೇಯುವ ಮೊದಲೇ ತೂಕ ತೋರಿಸಲು, ಒಟ್ಟು ದರ ಹೇಳಲು ಕೇಳಿ. ಒಳ್ಳೆಯ ಕಡೆ ಟ್ರೇಯಲ್ಲಿ ಟೇಬಲ್‌ಗೇ ತಂದು ತೋರಿಸುತ್ತಾರೆ. ಹೆಸರಿನ ಪಕ್ಕ ನಕ್ಷತ್ರ ಚಿಹ್ನೆ ಇದ್ದರೆ ಅದು ಫ್ರೋಜನ್ ಎಂದರ್ಥ. ಮಧ್ಯಮ ದರದ ತ್ರತ್ತೋರಿಯಾದಲ್ಲಿ ಹಂಚಿಕೊಂಡು ಉಂಡು, ಹೌಸ್ ವೈನ್ ಕುಡಿದರೆ ತಲೆಗೆ ಸುಮಾರು 35ರಿಂದ 50 ಯೂರೋ ಆಗುತ್ತದೆ. ಕಾರ್ಡ್ ಬೇಡ ಎನ್ನುವಂತಿಲ್ಲ, 2022ರ ಜೂನ್ 30ರಿಂದ ನಿರಾಕರಿಸುವ ವ್ಯಾಪಾರಿಗೆ ದಂಡವಿದೆ. ಯಾರು ಹಣ ಕೊಡುತ್ತಾರೆ ಎಂಬುದನ್ನೂ ಬುಕಿಂಗ್ ಹೊತ್ತಿಗೇ ಹೇಳಿ: ಇಟಲಿಯಲ್ಲಿ ಹುಟ್ಟುಹಬ್ಬದವರೇ ಊಟ ಕೊಡಿಸುವ ಪದ್ಧತಿ ಇರುವುದರಿಂದ ವೇಟರ್ ಬಿಲ್ಲನ್ನು ಅವರ ಮುಂದೆಯೇ ಇಡುವುದುಂಟು.

ದಿನ ಆರಿಸುವಾಗ ಭಾನುವಾರ ರಾತ್ರಿ ಮತ್ತು ಸೋಮವಾರ ಅನೇಕ ಅಡುಗೆಮನೆಗಳಿಗೆ ರಜೆ ಎಂಬುದು ನೆನಪಿರಲಿ. ಸೋಮವಾರ ಮೀನು ತರಿಸದಿರುವುದೂ ಒಳ್ಳೆಯದು, ಭಾನುವಾರ ಮೀನು ಮಾರುಕಟ್ಟೆ ನಡೆಯುವುದಿಲ್ಲ. ಆಗಸ್ಟ್ ಮಧ್ಯಭಾಗ ಎಲ್ಲಕ್ಕಿಂತ ಕಷ್ಟದ ಕಾಲ: 15ರ ಫೆರ್ರಾಗೊಸ್ತೊ ಹಬ್ಬದ ಹಿಂದೆ ಮುಂದೆ ಒಳ್ಳೆಯ ತ್ರತ್ತೋರಿಯಾಗಳು ಎರಡು ಮೂರು ವಾರ ಬಾಗಿಲು ಹಾಕುತ್ತವೆ, ತೆರೆದಿರುವುದು ಬಹುತೇಕ ಚೌಕದ ಪ್ರವಾಸಿ ಜಾಗಗಳೇ. ಆ ಹೊತ್ತಿನಲ್ಲಿ ದೊಡ್ಡ ಹೋಟೆಲ್‌ಗಳ ರೆಸ್ಟೋರೆಂಟ್ ವಾಸಿ. ಮರಳುವ ದಾರಿಯನ್ನೂ ಮುಂಚೆ ನೋಡಿಕೊಳ್ಳಿ. ತೆಸ್ತಾಚ್ಚೊಗೆ ಬಿ ಮಾರ್ಗದ ಪಿರಾಮಿದೆ ನಿಲ್ದಾಣ, ಪ್ರಾತಿಗೆ ಎ ಮಾರ್ಗದ ಒತ್ತಾವಿಯಾನೊ ಅಥವಾ ಲೆಪಾಂತೊ. ಮೆಟ್ರೊ ಸಾಮಾನ್ಯವಾಗಿ ರಾತ್ರಿ 11.30ಕ್ಕೆ ನಿಲ್ಲುತ್ತದೆ, ಶುಕ್ರವಾರ ಮತ್ತು ಶನಿವಾರ 1.30ರವರೆಗೆ ಓಡುತ್ತದೆ. ಒಂಬತ್ತೂವರೆಯ ಟೇಬಲ್ ಹಿಡಿದವರಿಗೆ ವಾರದ ದಿನಗಳಲ್ಲಿ ಮೆಟ್ರೊ ಸಿಗುವುದಿಲ್ಲ. ರಸ್ತೆಯಲ್ಲಿ ಕೈ ತೋರಿಸಿ ಟ್ಯಾಕ್ಸಿ ನಿಲ್ಲಿಸುವುದು ನೆಚ್ಚಲಾಗದ ಕೆಲಸ. ಕಾಫಿ ತರಿಸುವಾಗಲೇ ಟ್ಯಾಕ್ಸಿ ಕರೆಸಿಕೊಡಲು ವೇಟರ್‌ಗೆ ಹೇಳಿ. ನಾಲ್ಕು ಜನಕ್ಕಿಂತ ಹೆಚ್ಚಿದ್ದರೆ ಆ ಸಂಖ್ಯೆಯನ್ನೂ ಆಗಲೇ ತಿಳಿಸಿ, ದೊಡ್ಡ ಗಾಡಿ ಬರಲು ಹೆಚ್ಚು ಹೊತ್ತು ಹಿಡಿಯುತ್ತದೆ.